ಬಟ್ಟಲಲ್ಲಿ ಉಳಿದ ಪೆಟ್ರೋಲು

ಹಗ್ಗ ಎಳೆದರೆ ಬರಲಿಲ್ಲ.

ಜಯಮ್ಮ ಒಂದು ಕಾಲನ್ನು ಹಲಗೆಗೆ ಒತ್ತಿಟ್ಟು ಇನ್ನೊಮ್ಮೆ ಎಳೆದಳು. ಊಹೂಂ. ಮೋಟಾರು ಚಾಲೂ ಮಾಡುವ ಆ ಹಗ್ಗ ಒಂದಿಂಚೂ ಜರುಗಲಿಲ್ಲ.

"ನೋಡಿದ್ರಾ ದೊಡ್ಡಮ್ಮ? ಪೂರ್ತಿ ಜಾಮ್ ಆಗಿದೆ. ಪೊಲೀಸ್ನೋರು ಬರ್ದಿರೋದು ಸರಿಯಾಗೇ ಇದೆ," ಎಂದಳು ಪಕ್ಕದಲ್ಲಿದ್ದ ಹರ್ಷಿತಾ. ನಿದ್ದೆಗೆಟ್ಟು ಹುಡುಗಿಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಹಾಗೇ ಬರ್ಕೊಟ್ಬಿಡಿ. ಸಾಕಾಗಿದೆ ನಂಗೆ."

"ಪೊಲೀಸರು ಬರೆದದ್ದನ್ನು ಮೋಟಾರು ಓದಿಲ್ಲವಲ್ಲ ಮಾರಾಯ್ತಿ! ಅದನ್ನೇ ಒಂದು ಮಾತು ಕೇಳುವ, ತಡಿ."

ಒಂಬತ್ತು ದಿನದ ಹಿಂದೆ ಹರ್ಷಿತಾಳ ಅಣ್ಣ ಗೌರವ್, ಕೃಷ್ಣಾ ನದಿಯ ಆಳ ಅಳೆಯುವ ಸರ್ವೇ ಎಂಜಿನಿಯರ್, ದೋಣಿ ತೆಗೆದುಕೊಂಡು ಹೋದವನು ವಾಪಸು ಬಂದಿರಲಿಲ್ಲ. ಬ್ಯಾರೇಜಿನ ಮೇಲ್ಗಡೆ ಕಳೆಯಲ್ಲಿ ಸಿಕ್ಕಿಕೊಂಡ ಖಾಲಿ ದೋಣಿ, ಅದರ ಹಿಂಬದಿಗೆ ಕಚ್ಚಿಸಿದ್ದ ಈ ಹಳೇ ಟೂ-ಸ್ಟ್ರೋಕ್ ಮೋಟಾರು, ಸಿಕ್ಕಿದ್ದು ಇಷ್ಟೇ. ನಡುನೀರಿನಲ್ಲಿ ಮೋಟಾರು ಜಾಮ್ ಆಯಿತು, ಬಗ್ಗಿ ನೋಡಲು ಹೋಗಿ ಹುಡುಗ ನೀರುಪಾಲಾದ ಎಂದು ಪೊಲೀಸರು ಬರೆದುಕೊಂಡಿದ್ದರು. ಜಯಮ್ಮನೂ ಅದನ್ನೇ ಹೇಳಿದರೆ ಇವತ್ತು ಸಂಜೆ ಐದಕ್ಕೆ ಹುಡುಕಾಟ ನಿಲ್ಲುತ್ತದೆ. ಅಲ್ಲವೆಂದರೆ ಮುಂದುವರಿಯುತ್ತದೆ, ನೀರಿನಲ್ಲೂ, ದಡದ ಮೇಲೂ. ಈಗ ಗಂಟೆ ಎರಡೂವರೆ.

ವಿಜಯವಾಡದ ಒನ್ ಟೌನಿನ ಓಣಿಯೊಂದರಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಅದು. ಸಬ್ ಇನ್ಸ್‌ಪೆಕ್ಟರ್ ಸಾಯಿಲಕ್ಷ್ಮಿ ಅರ್ಧ ದಿನದ ಮಟ್ಟಿಗೆ ಅದನ್ನು ಖಾಲಿ ಮಾಡಿಸಿ ಕೊಟ್ಟಿದ್ದಳು. ಬಾಗಿಲಲ್ಲಿ ಕೂತ ಒಬ್ಬ ಪೇದೆ ಆಗಲೇ ತೂಕಡಿಸುತ್ತಿದ್ದ. ಹೊರಗೆ ಮೆಣಸಿನಕಾಯಿ ಮೂಟೆ ಹೊತ್ತವರ ಕೂಗಾಟ, ಒಳಗೆ ಗ್ರೀಸಿನ ವಾಸನೆ.

ಜಯಮ್ಮ ಮೋಟಾರನ್ನು ಒಂದು ಸುತ್ತು ಹಾಕಿ ನೋಡಿದಳು. ನೋಡಿದವಳೇ ನಕ್ಕುಬಿಟ್ಟಳು.

"ಅಯ್ಯೋ ರಾಮ! ಗೇರಿನಲ್ಲಿ ಉಂಟು ಇದು!"

ಗೇರಿನಲ್ಲಿರುವಾಗ ಮೋಟಾರು ಚಾಲೂ ಆದರೆ ದೋಣಿ ನೆಗೆದು ಓಡುತ್ತದೆಂದು, ಆಗ ಹಗ್ಗವೇ ಬಾರದಂತೆ ಒಳಗೊಂದು ಕೊಕ್ಕೆ ಇಟ್ಟಿರುತ್ತಾರೆ. ಪಂಚನಾಮೆ ಬರೆದ ಪುಣ್ಯಾತ್ಮ ಹಗ್ಗ ಎಳೆದಿದ್ದಾನೆ, ಬಂದಿಲ್ಲ, 'ಎಂಜಿನ್ ಜಾಮ್' ಎಂದು ಬರೆದು ಟೀ ಕುಡಿಯಲು ಹೋಗಿದ್ದಾನೆ. ಜಯಮ್ಮ ಗೇರಿನ ಹಿಡಿಕೆಯನ್ನು ನ್ಯೂಟ್ರಲ್ಲಿಗೆ ತಂದು ಎಳೆದಳು. ಹಗ್ಗ ಸರ್ರನೆ ಬಂತು.

"ಜಾಮೂ ಇಲ್ಲ, ಎಂತದೂ ಇಲ್ಲ."

ಹರ್ಷಿತಾ ನಗಲಿಲ್ಲ. ಒಂಬತ್ತು ದಿನದಿಂದ ಅಣ್ಣನ ದಾರಿ ಕಾದವಳು ಹೇಗೆ ನಗುತ್ತಾಳೆ ಎಂದುಕೊಂಡು ಜಯಮ್ಮ ತಾನೇ ನಾಚಿಕೊಂಡಳು.

ನಿಜ ಹೇಳಬೇಕೆಂದರೆ ಅವಳಿಗೆ ಎರಡು ದಿನದಿಂದಲೂ ಈ ನಾಚಿಕೆ ಇತ್ತು. ಮಲ್ಪೆಯಲ್ಲಿ ಹುಟ್ಟಿ, ಮೋಟಾರು ರಿಪೇರಿಯ ಈಶ್ವರಯ್ಯನನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದು ಮೂವತ್ತಾರು ವರ್ಷವಾಗಿತ್ತು. ಗಂಡ ಕಲಿಸಿದ ಕೆಲಸ ಕೈಹಿಡಿಯಿತು. ಮೀನುಗಾರಿಕೆ ಬಂದರಿನಲ್ಲಿ ಮೋಟಾರಿನ ಕಳವೋ ಮೋಸವೋ ಏನೇ ಆದರೂ ಪೊಲೀಸರು ಮೊದಲು ಕರೆಯುವುದು ಅವಳನ್ನೇ. ಸಾಯಿಲಕ್ಷ್ಮಿ ವಿಜಯವಾಡಕ್ಕೆ ಕರೆಸಿದ್ದೂ ಅದಕ್ಕೇ. ಆದರೆ ಗಂಡ ಹೋಗಿ ಮೂರು ವರ್ಷ. ಮಗ ತೇಜ ದೂರದೂರಿನಲ್ಲಿ, ಫೋನಿನಲ್ಲಿ ಇವಳು ಕನ್ನಡ ತೆಗೆದರೆ ಅವನು ಉತ್ತರಿಸುವುದು ತೆಲುಗಿನಲ್ಲಿ. ಊರಂಚಿನ ಪೆಂದುರ್ತಿಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅವಳು ಕನ್ನಡದಲ್ಲಿ ಮಾತಾಡುವುದು ಕುಕ್ಕರಿನ ಜೊತೆಗೆ, ಇಲ್ಲವೇ ಬಿಚ್ಚಿಟ್ಟ ಮೋಟಾರಿನ ಜೊತೆಗೆ.

ಗೌರವ್ ಈ ಮೋಟಾರು ಕೊಳ್ಳಲೆಂದು ಹೋದ ವರ್ಷ ಅವಳ ಶೆಡ್ಡಿಗೆ ಬಂದಿದ್ದ. ಅವಳು ಮೋಟಾರನ್ನು ಕನ್ನಡದಲ್ಲಿ ಬೈಯುತ್ತಿದ್ದದ್ದು ಕೇಳಿ, ತುಮಕೂರಿನ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಎರಡು ದಿನ ಉಳಿದು ಕೆಲಸ ಕಲಿತ. ಆಮೇಲೆ ಪ್ರತಿ ಭಾನುವಾರ ಫೋನು. 'ದೊಡ್ಡಮ್ಮ, ಇವತ್ತು ಏನ್ ಸಾರು?' ಅಷ್ಟೇ ಕೇಳುತ್ತಿದ್ದದ್ದು. ಅಷ್ಟಕ್ಕೇ ಅವಳು ಶನಿವಾರದಿಂದ ಕಾಯುತ್ತಿದ್ದಳು.

ಈಗ ಅವನ ತಂಗಿ. ಇಲ್ಲಿನ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಕೆಲಸ. ಮೊನ್ನೆ ರೈಲು ಸ್ಟೇಷನ್ನಿಗೆ ಬಂದು ಜಯಮ್ಮನನ್ನು ಕರೆದುಕೊಂಡು ಹೋಗಿ, ತನ್ನ ಬಾಡಿಗೆ ಕೋಣೆಯಲ್ಲೇ ಮಲಗಿಸಿಕೊಂಡಳು. ಎರಡು ದಿನ ಮನಸಾರೆ ಕನ್ನಡ. ಇಂಥ ಸಂಕಟದ ಮನೆಯಲ್ಲಿ ತನಗೆ ಸುಖವಾಗುತ್ತಿದೆಯಲ್ಲ, ಎಂಥ ಹೆಂಗಸು ನಾನು ಎಂದು ಜಯಮ್ಮ ತನ್ನನ್ನೇ ಬೈದುಕೊಂಡಿದ್ದಳು.

ಇರಲಿ, ಕೆಲಸಕ್ಕೆ ಬರೋಣ. ಹಗ್ಗವೇನೋ ಬಂತು, ಮೋಟಾರು ಹತ್ತಲಿಲ್ಲ.

ಅವಳು ಎರಡೂ ಪ್ಲಗ್ ಬಿಚ್ಚಿ, ಕಬ್ಬಿಣಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆದಳು. ಕೆಳಗಿನ ಪ್ಲಗ್ಗಿನಲ್ಲಿ ಚಟ್ ಎಂದು ನೀಲಿ ಕಿಡಿ ಬಂತು. ಮೇಲಿನದರಲ್ಲಿ ಇಲ್ಲ. ಪ್ಲಗ್ಗಿನ ಟೋಪಿ ಕಿತ್ತು ನೋಡಿದರೆ ತಂತಿಯ ತುದಿ ಹಸಿರು ಕಿಲುಬು ಹಿಡಿದು ಕೂತಿತ್ತು. ನೀರುಕಳೆಯಲ್ಲಿ ನೆನೆದದ್ದರ ಫಲ. ಅರ್ಧ ಇಂಚು ತಂತಿ ಕತ್ತರಿಸಿ ಬಿಸಾಡಿ, ಟೋಪಿಯನ್ನು ಹೊಸ ತುದಿಗೆ ತಿರುಗಿಸಿ ಕೂರಿಸಿದಳು. ಈಗ ಎರಡರಲ್ಲೂ ಕಿಡಿ.

"ಇನ್ನು ಇದರ ಹೊಟ್ಟೆಯಲ್ಲಿ ಎಂತ ಉಂಟು ನೋಡುವ."

ಕಾರ್ಬೊರೇಟರಿನ ಅಡಿಯಲ್ಲಿ ಒಂದು ಸಣ್ಣ ಬಟ್ಟಲು ಇರುತ್ತದೆ. ಮೋಟಾರು ನಿಂತ ಗಳಿಗೆಯಲ್ಲಿ ಅದು ಯಾವ ಎಣ್ಣೆ ಕುಡಿಯುತ್ತಿತ್ತೋ ಅದರ ಕೊನೆಯ ಗುಟುಕು ಅಲ್ಲೇ ಉಳಿದಿರುತ್ತದೆ. ಜಯಮ್ಮ ತಳದ ತಿರುಪು ಸಡಿಲಿಸಿ ಅದನ್ನು ಒಂದು ಗಾಜಿನ ಸೀಸೆಗೆ ಇಳಿಸಿದಳು. ಎರಡು ಹನಿ ಅಂಗೈಗೆ ಹಾಕಿಕೊಂಡಳು.

ಅಂಗೈ ತಣ್ಣಗಾಯಿತು. ಹನಿ ಆರಿಹೋಯಿತು. ಆಯಿಲ್ಲಿನ ತೆಳು ಜಿಡ್ಡು ಮಾತ್ರ ಉಳಿಯಿತು.

ಪೆಟ್ರೋಲು!

ಜಯಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಏನಾಯ್ತು ದೊಡ್ಡಮ್ಮ?"

"ತಡಿ. ತಪ್ಪು ಹೇಳಬಾರದು. ಆ ರಾಮ್‌ಪ್ರಸಾದ್ ಬರಲಿ ಮೊದಲು."

ರಾಮ್‌ಪ್ರಸಾದ್ ಎಂದರೆ ಸರ್ವೇ ಕಂಪನಿಯ ದೋಣಿ ನೋಡಿಕೊಳ್ಳುವವನು. ನಡುನೀರಿನಲ್ಲಿ ಮೋಟಾರು ನಿಂತದ್ದನ್ನು ದಡದಿಂದ ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟಿದ್ದ ಏಕೈಕ ಸಾಕ್ಷಿ. ಮೂರು ಗಂಟೆಗೆ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿದ್ದ ಟವೆಲ್ಲಿನಿಂದ ಒಂದೇ ಸಮ ಕತ್ತು ಒರೆಸಿಕೊಳ್ಳುತ್ತಿದ್ದ. ಜಯಮ್ಮನಿಗೂ ಅವನಿಗೂ ಮಾತು ತೆಲುಗಿನಲ್ಲೇ ನಡೆಯಿತು.

"ಏನು ಕಂಡಿರಿ ರಾಮ್‌ಪ್ರಸಾದ್ ಗಾರು? ಇನ್ನೊಮ್ಮೆ ಹೇಳಿ."

"ಬೆಳಗ್ಗೆ ಹತ್ತಕ್ಕೆ ನಾನು ಘಾಟಿನಲ್ಲಿದ್ದೆನಂಡಿ. ದೋಣಿ ನಡುನೀರಿನಲ್ಲಿತ್ತು. ಮೋಟಾರಿನಿಂದ ಕಪ್ಪು ಹೊಗೆ ಬಂತು. ಸದ್ದು ನಿಂತಿತು. ಗೌರವ್ ಸಾರ್ ಹಿಂದಕ್ಕೆ ಬಗ್ಗಿದರು," ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ.

"ಹಾಗೋ? ಸರಿ. ಸ್ವಲ್ಪ ಕೈ ಕೊಡಿ."

ಇಬ್ಬರೂ ಸೇರಿ ಮೋಟಾರನ್ನು ನೀರು ತುಂಬಿದ ಡ್ರಮ್ಮಿನ ಮೇಲಿನ ಹಲಗೆಗೆ ಬಿಗಿದರು, ಅದರ ಕಾಲು ಡ್ರಮ್ಮಿನ ನೀರಿನಲ್ಲಿ ಮುಳುಗುವ ಹಾಗೆ. ಜಯಮ್ಮ ಎಣ್ಣೆ ಬದಲಿಸುವ ಕೀಲಿಯನ್ನು ಪೆಟ್ರೋಲಿನ ಕಡೆಗೆ ತಿರುಗಿಸಿ ಹಗ್ಗ ಎಳೆದಳು. ಮೂರನೆಯ ಎಳೆತಕ್ಕೆ ಮೋಟಾರು ಗುಡುಗಿ ಎದ್ದಿತು. ಅಂಗಡಿಯ ತುಂಬ ನೀಲಿ ಹೊಗೆ. ಪೇದೆ ಬೆಚ್ಚಿಬಿದ್ದು ಟೋಪಿ ಸರಿಮಾಡಿಕೊಂಡ. ಬದಿಯ ತೂತಿನಿಂದ ತಂಪಿನ ನೀರು ಚಿರ್ರನೆ ಹಾರಿದ್ದು ನೋಡಿ ಜಯಮ್ಮನಿಗೆ ಖುಷಿಯಾಯಿತು. ಹತ್ತು ನಿಮಿಷ ಬಿಟ್ಟು ಕೀಲಿಯನ್ನು ಸೀಮೆಎಣ್ಣೆಯ ಕಡೆಗೆ ತಿರುಗಿಸಿ, ಬಟ್ಟಲಿನ ಪೆಟ್ರೋಲು ಮುಗಿಯುವಷ್ಟು ಹೊತ್ತು ಓಡಲು ಬಿಟ್ಟಳು.

"ಈಗ ನೀವು ನಿಲ್ಲಿಸಿ," ಎಂದು ಕೂಗಿದಳು.

ರಾಮ್‌ಪ್ರಸಾದ್ ಕೈಚಾಚಿ ನೇರವಾಗಿ ಕೆಂಪು ಗುಂಡಿ ಒತ್ತಿದ. ಮೋಟಾರು ನಿಂತಿತು.

ಜಯಮ್ಮ ಮತ್ತೆ ಬಟ್ಟಲ ತಿರುಪು ತೆಗೆದು ಎರಡು ಹನಿಯನ್ನು ಅವನ ಬಲ ಅಂಗೈಗೆ ಹಾಕಿದಳು. ಸೀಸೆಯಲ್ಲಿಟ್ಟಿದ್ದ ಮೊದಲಿನದನ್ನು ಎಡ ಅಂಗೈಗೆ.

"ಯಾವ ಕೈ ತಣ್ಣಗಾಯಿತು?"

"ಎಡಗೈ."

"ಬಲಗೈಯಲ್ಲಿರೋದು ಸೀಮೆಎಣ್ಣೆ. ಆರೋದಿಲ್ಲ ಅದು, ನೋಡಿ. ಈಗ ನೀವು ಗುಂಡಿ ಒತ್ತಿದಾಗ ಬಟ್ಟಲಲ್ಲಿ ಉಳಿದದ್ದು. ಎಡಗೈದು ಪೆಟ್ರೋಲು. ಆ ದಿನ ಉಳಿದಿದ್ದದ್ದು."

ರಾಮ್‌ಪ್ರಸಾದ್ ಎರಡೂ ಅಂಗೈ ನೋಡಿಕೊಂಡು ನಿಂತ. ಅವನಿಗೆ ತಲೆಬುಡ ತಿಳಿದಿರಲಿಲ್ಲ.

"ಈ ಮೋಟಾರು ಪೆಟ್ರೋಲಿನಲ್ಲಿ ಹತ್ತುತ್ತದೆ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮೊದಲು ಮತ್ತೆ ಎರಡು ನಿಮಿಷ ಪೆಟ್ರೋಲು ಕುಡಿಸಬೇಕು. ಇಲ್ಲದಿದ್ದರೆ ತಣ್ಣಗಾದ ಮೇಲೆ ಏನು ಮಾಡಿದರೂ ಹತ್ತೋದಿಲ್ಲ. ನಮ್ಮ ಬಂದರಿನ ಬೆಸ್ತರ ಕೈ ತಾನಾಗೇ ಕೀಲಿಗೆ ಹೋಗುತ್ತದೆ. ನೀವು ಮೊದಲು ಏನು ನಡೆಸುತ್ತಿದ್ದಿರಿ?"

"ಪ್ರವಾಸದ ಲಾಂಚು ಅಮ್ಮಾ. ಡೀಸೆಲ್ಲು. ಈ ಮೋಟಾರನ್ನು ಗೌರವ್ ಸಾರ್ ಮಾತ್ರ ಮುಟ್ಟುತ್ತಿದ್ದರು."

"ಸೀಮೆಎಣ್ಣೆ ಟ್ಯಾಂಕು ಅರ್ಧ ಇಳಿದಿದೆ, ಅಂದರೆ ಆ ದಿನ ಮೋಟಾರು ಸೀಮೆಎಣ್ಣೆಯಲ್ಲೇ ಓಡಿದೆ. ನಡುನೀರಿನಲ್ಲಿ ತಾನಾಗೇ ನಿಂತಿದ್ದರೆ ಬಟ್ಟಲಲ್ಲಿ ಸೀಮೆಎಣ್ಣೆ ಇರಬೇಕಿತ್ತು. ಯಾರೋ ಪೆಟ್ರೋಲು ಕುಡಿಸಿ, ಎರಡು ನಿಮಿಷ ಕಾದು, ಸಾವಕಾಶವಾಗಿ ದಡದಲ್ಲಿ ನಿಲ್ಲಿಸಿದ್ದಾರೆ. ಆಮೇಲೆ ಗೇರಿಗೆ ತಳ್ಳಿ, ಓಡುತ್ತಿದ್ದಾಗಲೇ ನಿಂತಿತು ಅನ್ನೋ ಹಾಗೆ ಮಾಡಿ ದೋಣಿಯನ್ನು ನೀರಿಗೆ ಬಿಟ್ಟಿದ್ದಾರೆ. ನೀವಂತೂ ಅಲ್ಲ, ನಿಮಗೆ ಈ ಪದ್ಧತಿಯೇ ಗೊತ್ತಿಲ್ಲ. ಹಾಗಾದರೆ ಆ ಕಪ್ಪು ಹೊಗೆ ಎಲ್ಲಿಂದ ಬಂತು ರಾಮ್‌ಪ್ರಸಾದ್ ಗಾರು?"

ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ನಾನು ಅಲ್ಲಿ ಇರಲೇ ಇಲ್ಲಮ್ಮಾ. ಮಗಳ ಶಾಲೆಯಲ್ಲಿ ಮೀಟಿಂಗ್ ಇತ್ತು, ಹೇಳದೆ ಹೋಗಿದ್ದೆ. ಮ್ಯಾನೇಜರ್ ಜಗನ್ಮೋಹನ್ ಸಾರ್‌ಗೆ ಅದು ತಿಳಿದುಬಿಟ್ಟಿತು. ಹೀಗೆ ನೋಡಿದೆ ಅಂತ ಹೇಳು, ಇಲ್ಲಾಂದ್ರೆ ಕೆಲಸದಿಂದ ಹೊರಗೆ ಅಂದರು. ಅವರು ಹೇಳಿಕೊಟ್ಟ ಹಾಗೇ ಹೇಳಿದೆ."

ಜಯಮ್ಮನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. "ಹೋಗಿ, ಬಾಗಿಲಲ್ಲಿರೋ ಆ ಪೇದೆಯ ಹತ್ತಿರ ಇದನ್ನೇ ಬರೆಸಿ," ಎಂದಳು.

ಅವನು ಅತ್ತ ಹೋದದ್ದೇ ತಡ, ಅವಳು ಹರ್ಷಿತಾಳ ಎರಡೂ ಕೈ ಹಿಡಿದುಕೊಂಡಳು. ಗ್ರೀಸು ಮೆತ್ತಿದ್ದೂ ನೆನಪಾಗಲಿಲ್ಲ.

"ಕೇಳಿತಾ ಮಗಾ? ಈ ಪೆಟ್ರೋಲಿನ ಪಾಠ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅಣ್ಣನಿಗೆ ಗೊತ್ತುಂಟು. ನಾನೇ ಕಲಿಸಿದ್ದು! ಅವನು ದಡಕ್ಕೆ ಬಂದು, ಕೈಯಾರೆ ಮೋಟಾರು ನಿಲ್ಲಿಸಿದ್ದಾನೆ. ನೀರಿಗೆ ಬಿದ್ದವ ಅಲ್ಲ ಅವ. ಬದುಕಿದ್ದಾನೆ!" ಎನ್ನುತ್ತಾ ಜಯಮ್ಮ ಅತ್ತೇಬಿಟ್ಟಳು. ಒಂಬತ್ತು ದಿನದಲ್ಲಿ ಒಂದು ಭಾನುವಾರ ಫೋನು ಬಾರದೆ ಕಳೆದಿತ್ತು. ಆ ಭಾನುವಾರ ಅವಳು ಸಾರನ್ನೇ ಮಾಡಿರಲಿಲ್ಲ.

ಹರ್ಷಿತಾ ತಲೆ ತಗ್ಗಿಸಿದಳು. "ಇರ್ಬೋದು ದೊಡ್ಡಮ್ಮ," ಎಂದಳು, ಅಷ್ಟೇ.

ಆಸೆ ಪಡಲೂ ಹೆದರುತ್ತಿದ್ದಾಳೆ ಪಾಪ ಎಂದುಕೊಂಡಳು ಜಯಮ್ಮ. ಬಟ್ಟಲಲ್ಲಿ ಪೆಟ್ರೋಲು ಎಂದರೆ ಸಾಯಿಲಕ್ಷ್ಮಿಗೆ ಏನು ಅರ್ಥವಾದೀತು, ಮೊದಲು ಮೋಟಾರು ಓಡುವುದನ್ನು ಕಣ್ಣಿಗೆ ತೋರಿಸಬೇಕು ಎಂದು ಹೊಳೆಯಿತು. ಕಣ್ಣೊರೆಸಿಕೊಂಡು ಮತ್ತೆ ಚಾಲೂ ಮಾಡಿದಳು. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿ ವಿಡಿಯೋ ತೆಗೆಯತೊಡಗಿದಳು. ಡ್ರಮ್ಮು, ಹಾರುವ ನೀರು, ಮೋಟಾರಿನ ನಂಬರು, ಎಲ್ಲ ಬಂತು.

"ಸಾಕು ಹರ್ಷಿತಾ, ನಿಲ್ಲಿಸು!"

ಹರ್ಷಿತಾ ಬೇರೇನೋ ಯೋಚನೆಯಲ್ಲಿ ನಿಂತಿದ್ದಳು. ಕೈಚಾಚಿದಳು. ಕೈ ಕೆಂಪು ಗುಂಡಿಗೆ ಹೋಗಲಿಲ್ಲ. ಕೀಲಿಗೆ ಹೋಯಿತು. ಕೀಲಿಯನ್ನು ಪೆಟ್ರೋಲಿನ ಕಡೆಗೆ ತಿರುಗಿಸಿ, ಅಲ್ಲೇ ಕೈಯಿಟ್ಟುಕೊಂಡು ನಿಂತಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಎಣಿಸುತ್ತಿದ್ದಳು.

ಜಯಮ್ಮನ ಕೈಯಲ್ಲಿ ಫೋನು ಹಾಗೇ ಇತ್ತು. ಮೋಟಾರಿನ ಸದ್ದು ಬದಲಾಗಿ ಹಗುರವಾಯಿತು. ಎರಡು ನಿಮಿಷ ಕಳೆದ ಮೇಲೆ ಹರ್ಷಿತಾ ಗುಂಡಿ ಒತ್ತಿದಳು. ಮೋಟಾರು ನಿಂತಿತು. ತಲೆ ಎತ್ತಿ ಜಯಮ್ಮನ ಮುಖ ನೋಡಿದಾಗಲೇ ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತಾದದ್ದು.

"ಯಾರು ಕಲಿಸಿದ್ದು?" ಎಂದಳು ಜಯಮ್ಮ.

"ಅಣ್ಣ. ಭಾನುವಾರ ಭಾನುವಾರ ದೋಣೀಲಿ ಕರ್ಕೊಂಡ್ ಹೋಗ್ತಿದ್ದ."

"ದೋಣಿ ನೀರಿಗೆ ಬಿಟ್ಟದ್ದು ನೀನಾ?"

ಹರ್ಷಿತಾ ಹೌದೆಂದು ತಲೆ ಆಡಿಸಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನದೀಲಿ ಕದ್ದು ಮರಳು ಎಷ್ಟು ಆಳ ತೆಗ್ದಿದಾರೆ ಅಂತ ಅಣ್ಣ ಅಳತೆ ಪುಸ್ತಕದಲ್ಲಿ ಬರ್ಕೊಂಡಿದ್ದ. ಸುಳ್ಳು ಆಳ ಬರಿ ಅಂತ ಜಗನ್ಮೋಹನ್ ಹಠ ಹಿಡ್ದು ಕೂತ. ಇವ್ನು ಒಪ್ಲಿಲ್ಲ. ಇಲ್ಲೇ ಪಕ್ಕದ ಕೊಂಡಪಲ್ಲಿಲಿ ಅಣ್ಣನ ರೂಮಿಗೆ ಇಬ್ರು ನುಗ್ಗಿ, ಪುಸ್ತಕ ಕೊಡು, ಇಲ್ಲಾ ನದೀಲೇ ಹೂತಾಕ್ತೀವಿ ಅಂದ್ರು. ಅದಕ್ಕೇ ಹೀಗೆ ಮಾಡಿದ್ವಿ. ಮೇಲ್ಗಡೆ ಒಂದು ಕಡೆ ಅವನನ್ನ ಇಳಿಸ್ದೆ. ಅವನು ಲಾರಿ ಹತ್ತಿ ಹೋದ. ನಾನು ಸ್ವಲ್ಪ ಕೆಳಗೆ ಬಂದು, ಮೋಟಾರ್ ನಿಲ್ಸಿ, ಗೇರಿಗೆ ಹಾಕಿ ದೋಣಿ ತಳ್ಬಿಟ್ಟೆ. ಸತ್ತ ಅಂದ್ಕೊಂಡ್ರೆ ಹುಡುಕೋದು ಬಿಡ್ತಾರೆ ಅಂತ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಮಗಾ! ಎರಡು ದಿನ ಒಂದೇ ಚಾಪೆಯಲ್ಲಿ ಮಲಗಿದೆವು."

"ಯಾರಿಗೂ ಹೇಳ್ಬೇಡ ಅಂದಿದ್ದ."

ಯಾರಿಗೂ. ಆ ಮಾತು ಜಯಮ್ಮನಿಗೆ ಚುರುಕ್ಕೆಂದಿತು. ಇಬ್ಬರು ಮಕ್ಕಳೂ ತನ್ನನ್ನು ದೊಡ್ಡಮ್ಮ ಎಂದರು, ಇಬ್ಬರೂ ಹೊರಗಿಟ್ಟರು. ಮೊನ್ನೆಯಿಂದ ತಾನು ಬಾಯಿತುಂಬ ಆಡಿದ ಮಾತೆಲ್ಲ ಈ ಹುಡುಗಿಗೆ ಕಾಲ ತಳ್ಳುವ ಉಪಾಯವಾಗಿತ್ತೋ ಏನೋ ಎನಿಸಿತು.

"ಈಗ ಎಲ್ಲಿದ್ದಾನೆ?"

ಹರ್ಷಿತಾಳ ಮುಖ ಬಾಡಿಹೋಯಿತು. "ಗೊತ್ತಿಲ್ಲ. ದಿನಾ ಸಂಜೆ ಬೇರೆ ಬೇರೆ ನಂಬರಿಂದ ಫೋನ್ ಮಾಡ್ತಿದ್ದ. ಮೂರು ದಿನದಿಂದ ಇಲ್ಲ."

"ಮೂರು ದಿನ!"

ಅಷ್ಟರಲ್ಲಿ ಜಯಮ್ಮನ ಕೈಯಲ್ಲಿದ್ದ ಫೋನು ರಿಂಗಾಯಿತು. ಎಸ್‌ಐ ಸಾಯಿಲಕ್ಷ್ಮಿ. ಗಂಟೆ ನಾಲ್ಕೂ ಮುಕ್ಕಾಲು.

ಹರ್ಷಿತಾ ಅವಳ ಮಣಿಕಟ್ಟು ಹಿಡಿದುಕೊಂಡಳು. "ಸತ್ತ ಅಂತಾನೇ ಹೇಳಿ ದೊಡ್ಡಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ. ಬದುಕಿದಾನೆ ಅಂತ ಗೊತ್ತಾದ್ರೆ ಬಿಡಲ್ಲ ಅವ್ರು."

ಜಯಮ್ಮ ಫೋನನ್ನೇ ನೋಡಿದಳು. ಜಾಮ್ ಆಗಿತ್ತು ಎಂದರೆ ಮುಗಿಯಿತು, ಬೆನ್ನಟ್ಟಿದವರು ಬಿಡುತ್ತಾರೆ. ಆದರೆ ಆ ಹುಡುಗ ಎಲ್ಲೋ ಜ್ವರ ಬಂದು ಬಿದ್ದಿದ್ದರೆ? ಯಾರ ಕೈಗೋ ಆಗಲೇ ಸಿಕ್ಕಿದ್ದರೆ? ಸತ್ತವನನ್ನು ಯಾರೂ ಹುಡುಕುವುದಿಲ್ಲ. ಯಾರೂ ಹುಡುಕದೆ, ಯಾರೂ ಕೇಳದೆ ಒಂದು ಕೋಣೆಯಲ್ಲಿ ಬಿದ್ದಿರುವುದು ಎಂದರೆ ಏನೆಂದು ಅವಳಿಗೆ ಮೂರು ವರ್ಷದಿಂದ ಗೊತ್ತಿತ್ತು. ಅವನಿಗೆ ಅದು ಬೇಡ.

"ಇಲ್ಲ ಮಗಾ. ಮೂರು ದಿನ ತಡ ಆಗಿದೆ," ಎಂದು ಹಸಿರು ಗುಂಡಿ ಒತ್ತಿ, ಗ್ರೀಸು ಮೆತ್ತಿದ ಫೋನನ್ನು ಕಿವಿಗಿಡದೆ ಸ್ಪೀಕರಿಗೆ ಹಾಕಿದಳು.

"ಹೇಳಿ ಅಮ್ಮಾ," ಎಂದಳು ಸಾಯಿಲಕ್ಷ್ಮಿ ತೆಲುಗಿನಲ್ಲಿ. "ಮೋಟಾರು ಜಾಮೇ ತಾನೇ? ಹುಡುಕಾಟ ನಿಲ್ಲಿಸಲಾ?"

"ನಿಲ್ಲಿಸಬೇಡಿ ಮೇಡಂ. ಜಾಮ್ ಆಗಿರಲಿಲ್ಲ ಅದು. ಹುಡುಗ ನೀರಿಗೆ ಬಿದ್ದಿಲ್ಲ. ದಡ ಹತ್ತಿದ್ದಾನೆ, ಬದುಕಿದ್ದಾನೆ. ತಂಗಿಗೆ ಫೋನೂ ಮಾಡಿದ್ದಾನೆ."

ಆ ಕಡೆ ಕುರ್ಚಿ ಸರಿದದ್ದು ಕೇಳಿಸಿತು. ಆಮೇಲೆ ಸಾಯಿಲಕ್ಷ್ಮಿಗಿಂತ ಮೊದಲು ಒಂದು ಗಂಡುದನಿ, ಫೋನಿಗೆ ಬಹಳ ಹತ್ತಿರದಿಂದ, ಬಹಳ ಮರ್ಯಾದೆಯಿಂದ ಮಾತಾಡಿತು.

"ಅಮ್ಮಗಾರೂ, ಯಾವ ನಂಬರಿನಿಂದ ಫೋನು ಮಾಡಿದ್ದನಂಡಿ?"

ಹರ್ಷಿತಾ ಜಯಮ್ಮನ ಮಣಿಕಟ್ಟು ಬಿಟ್ಟುಬಿಟ್ಟಳು. "ಜಗನ್ಮೋಹನ್," ಎಂದಳು.